ಪಲ್ಲಣ, ಕಡಿವಾಣ, ಅಂಕವಣಿ: ಕುದುರೆಯ ಸಜ್ಜಿನ ಶಬ್ದಗಳೂ ಜೈನ ಗ್ರಂಥಗಳ ಸಾಕ್ಷ್ಯವೂ

ಕುದುರೆಯ ಬೆನ್ನಿಗೆ ಹಾಕುವ ಆಸನಕ್ಕೆ ಇಂದಿನ ಕನ್ನಡದಲ್ಲಿ ಬಳಕೆಯಲ್ಲಿರುವ ಶಬ್ದ ಜೀನು. ಬಾಯಿಗೆ ತೊಡಿಸುವುದಕ್ಕೆ ಲಗಾಮು. ಸವಾರನು ಕಾಲಿಡುವುದಕ್ಕೆ ರಿಕಾಬು. ಮೊದಲ ಎರಡು ಫಾರಸಿಯಿಂದಲೂ ಮೂರನೆಯದು ಅರಬ್ಬಿಯಿಂದಲೂ ಬಂದವು. ಇದನ್ನು ಕಂಡು, ಸಜ್ಜು ಕಟ್ಟುವ ವಿದ್ಯೆಯೇ ಮುಸಲ್ಮಾನ ಅರಸರ ಕಾಲದಲ್ಲಿ ದಕ್ಷಿಣಕ್ಕೆ ಬಂದಿತೆಂದು ತಿಳಿಯುವವರುಂಟು. ಆದರೆ ಈ ಮೂರು ವಸ್ತುಗಳಿಗೂ ಕನ್ನಡದಲ್ಲಿ ಅದಕ್ಕೂ ಹಳೆಯ ಹೆಸರುಗಳಿವೆ: ಪಲ್ಲಣ, ಕಡಿವಾಣ, ಅಂಕವಣಿ. ಹೆಸರು ಬದಲಾದಾಗ ವಸ್ತುವೂ ಬದಲಾಯಿತೆ, ಅಥವಾ ಹಳೆಯ ವಸ್ತುವಿಗೆ ಹೊಸ ಹೆಸರು ಅಂಟಿತೆ ಎಂಬುದು ಕೇವಲ ನಿಘಂಟಿನ ಪ್ರಶ್ನೆಯಲ್ಲ; ಹಸ್ತಪ್ರತಿಗಳ ಪಾಠನಿರ್ಣಯಕ್ಕೂ ಕಾಲನಿರ್ಣಯಕ್ಕೂ ಅದು ಸಂಬಂಧಿಸಿದೆ.

ಪಲ್ಲಣದ ಮೂಲ ಸಂಸ್ಕೃತದ ಪರ್ಯಾಣ. ರ್ಯಕಾರಕ್ಕೆ ಲ್ಲಕಾರ ಬರುವ ನಿಯಮವನ್ನು ಹೇಳುವಾಗ ವರರುಚಿಯೂ ಹೇಮಚಂದ್ರನೂ ಈ ಶಬ್ದವನ್ನು ಹೆಸರಿಸಿಯೇ ವಿಧಿಸಿದ್ದಾರೆ. ಹೇಮಚಂದ್ರನಾದರೋ ಪಲ್ಲಾಣವೆಂಬ ರೂಪದೊಡನೆ ಡಕಾರವುಳ್ಳ ಪಡಾಯಾಣ ಎಂಬ ಇನ್ನೊಂದು ರೂಪವನ್ನೂ ಒಪ್ಪುತ್ತಾನೆ. ಶ್ವೇತಾಂಬರ ಆಗಮಗಳ ಅರ್ಧಮಾಗಧಿಯಲ್ಲಿ ಕಾಣುವ ಪಡಿಯಾಣ ಈ ಎರಡನೆಯದಕ್ಕೆ ಸಮೀಪವಾದುದು. ಕನ್ನಡವು ಮೊದಲನೆಯದನ್ನು ಹಿಡಿದು, ನಡುವಣ ದೀರ್ಘವನ್ನು ಹ್ರಸ್ವಗೊಳಿಸಿ ಪಲ್ಲಣವೆಂದು ಮಾಡಿಕೊಂಡಿತು. ಮರಾಠಿ, ಗುಜರಾತಿಗಳ ಪಲಾಣವೂ ಇದೇ ಕುಲದ್ದು. ಮುಂದೆ ಪಕಾರವು ಹಕಾರವಾದ ಕಾಲದಲ್ಲಿ ಕನ್ನಡದಲ್ಲಿ ಹಲ್ಲಣವಾಯಿತು.

ಸಂಪಾದಕನಿಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಪಲ್ಲಣ ನಾಲ್ಕು ಮಾತ್ರೆಗಳ ಶಬ್ದ, ಕಂದಪದ್ಯದ ಒಂದು ಗಣಕ್ಕೆ ಸರಿಯಾಗಿ ಕೂಡುತ್ತದೆ. ಜೀನು ಮೂರೇ ಮಾತ್ರೆ. ಆದುದರಿಂದ ಚಂಪೂಕಾವ್ಯದ ಕಂದದಲ್ಲಿ ಲಿಪಿಕಾರನು ತನಗೆ ಪರಿಚಿತವಾದ ಜೀನನ್ನು ತಂದಿಟ್ಟರೆ ಛಂದಸ್ಸು ಕೂಡಲೇ ಹಿಡಿದುಕೊಡುತ್ತದೆ. ಹಲ್ಲಣಕ್ಕಾದರೋ ನಾಲ್ಕೇ ಮಾತ್ರೆ. ಮೊದಲಕ್ಷರವು ಪ್ರಾಸಸ್ಥಾನದಲ್ಲಿ ಬೀಳದಿದ್ದರೆ, ಕವಿ ಬರೆದುದು ಪಲ್ಲಣವೋ ಹಲ್ಲಣವೋ ಎಂಬುದನ್ನು ಛಂದಸ್ಸಿನಿಂದ ನಿರ್ಧರಿಸಲಾಗದು. ಗದ್ಯಕ್ಕೆ, ಟೀಕೆಗೆ, ವೈದ್ಯಗ್ರಂಥದ ಕನ್ನಡ ವಿವರಣೆಗೆ ಆ ರಕ್ಷಣೆಯೂ ಇಲ್ಲ. ಅಲ್ಲಿ ಜೀನು ಎಂದಿದ್ದರೆ ಅದು ಗ್ರಂಥಕಾರನ ಮಾತೆ, ಪ್ರತಿಕಾರನ ಮಾತೆ ಎಂಬುದನ್ನು ಪ್ರತಿಪ್ರತಿಯನ್ನೂ ಹೋಲಿಸಿಯೇ ನೋಡಬೇಕು.

ಕಡಿವಾಣಕ್ಕೆ ಕಡಿಯಾಣವೆಂಬ ರೂಪವೂ ಉಂಟು. ಕಚ್ಚು ಎಂಬ ಅರ್ಥದ ಕಡಿ ಧಾತುವಿನಿಂದ ಇದನ್ನು ಸಾಧಿಸುವುದು ಸುಲಭವಾಗಿ ತೋರುತ್ತದೆ, ಸುಲಭವಾದುದೆಲ್ಲ ಸತ್ಯವಾಗಬೇಕಿಲ್ಲ. ಇದಕ್ಕೆ ಸಂಸ್ಕೃತದಲ್ಲಿ ಕವಿಕಾ, ಖಲೀನ ಎಂಬ ಶಬ್ದಗಳಿದ್ದು ಅಮರಕೋಶವು ಎರಡನ್ನೂ ಕೊಡುತ್ತದೆ. ಖಲೀನವು ಗ್ರೀಕರ ಖಲಿನೋಸ್ ಎಂಬುದರಿಂದ ಬಂದುದೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಹೀಗೆ ಕುದುರೆಯೊಡನೆ ಪರಭಾಷೆಯ ಶಬ್ದ ಬರುವುದು ಲಗಾಮಿನಿಂದ ಆರಂಭವಾದುದಲ್ಲ. ಸೋಮದೇವಸೂರಿ ಹತ್ತನೆಯ ಶತಮಾನದ ನೀತಿವಾಕ್ಯಾಮೃತದಲ್ಲಿ ಜಾತ್ಯಶ್ವಗಳ ಒಂಬತ್ತು ಉತ್ಪತ್ತಿಸ್ಥಾನಗಳನ್ನು ಹೇಳುವಲ್ಲಿ ತಾರ್ಜಿಕ, ಕೇಕಾಣ ಮೊದಲಾದ ಹೆಸರುಗಳು ಬರುತ್ತವೆ. ಹೇಮಚಂದ್ರನ ಅಭಿಧಾನಚಿಂತಾಮಣಿಯಲ್ಲಿ ಕೋಕಾಹ, ಸೇರಾಹ, ವೋಲ್ಲಾಹ ಎಂಬ ಅಶ್ವವರ್ಣನಾಮಗಳಿವೆ. ಅವುಗಳಿಗೆ ಆಚಾರ್ಯನು ಸಂಸ್ಕೃತ ವ್ಯುತ್ಪತ್ತಿಗಳನ್ನು ಹೇಳಿದ್ದರೂ ಅವು ಪಶ್ಚಿಮದ ವರ್ತಕರೊಡನೆ ಬಂದ ಶಬ್ದಗಳೆಂಬುದು ಸ್ಪಷ್ಟ.

ಸಜ್ಜಿನ ವಿಷಯದಲ್ಲಿ ಅತ್ಯಂತ ಮಹತ್ವದ ಜೈನ ಸಾಕ್ಷ್ಯ ನಾಯಾಧಮ್ಮಕಹಾಓ ಅಂಗದ 17ನೆಯ ಅಧ್ಯಯನದಲ್ಲಿದೆ. ಹತ್ಥಿಸೀಸ ನಗರದ ನೌಕಾವಣಿಜರು ಬಿರುಗಾಳಿಗೆ ಸಿಕ್ಕಿ ದಿಕ್ಕುತಪ್ಪಿ ಕಾಲಿಯದ್ವೀಪವನ್ನು ಸೇರುತ್ತಾರೆ. ಅಲ್ಲಿ ಚಿನ್ನ, ರತ್ನಗಳ ಗಣಿಗಳೊಡನೆ ಉತ್ತಮಾಶ್ವಗಳನ್ನು ಕಾಣುತ್ತಾರೆ. ಸುದ್ದಿ ತಿಳಿದ ಕನಕಕೇತು ರಾಜನು ಅವರನ್ನು ಮತ್ತೆ ಕಳುಹಿಸುತ್ತಾನೆ. ಈ ಸಲ ಹಡಗಿನಲ್ಲಿ ವೀಣೆಗಳು, ಸುಗಂಧಗಳು, ಸಕ್ಕರೆ, ಮೃದುವಾದ ವಸ್ತ್ರಗಳು, ಚಿತ್ರಗಳು. ಐದು ಇಂದ್ರಿಯಗಳಿಗೂ ಒಂದೊಂದು ಬಲೆ. ಅವುಗಳಿಗೆ ಸೋಲದೆ ದೂರ ಹೋದ ಕುದುರೆಗಳು ಸ್ವಚ್ಛಂದವಾಗಿ ಉಳಿದವು, ಸೋತವು ಸೆರೆಯಾದವು. ಸೆರೆಯಾದವುಗಳನ್ನು ಅಶ್ವಮರ್ದಕರು ಪಳಗಿಸಿದ ಬಗೆಯನ್ನು ಸೂತ್ರವು ಪಟ್ಟಿಮಾಡುತ್ತದೆ: ಬಾಯಿ, ಕಿವಿ, ಮೂಗು, ಗೊರಸು ಇವುಗಳ ಬಂಧನ, ಖಲೀನ, ಬಾಯಿಯ ಸಜ್ಜಾದ ಅಹಿಲಾಣ, ಬೆನ್ನಿನ ಸಜ್ಜಾದ ಪಡಿಯಾಣ, ಅಂಕನ, ಬೆತ್ತದ ಏಟು, ಬಳ್ಳಿಯ ಏಟು, ಚಾವಟಿಯ ಏಟು. ಕಥೆಯ ಉದ್ದೇಶ ಇಂದ್ರಿಯಾಸಕ್ತಿಯ ಫಲವನ್ನು ತೋರಿಸುವುದು. ಆದರೆ ದೃಷ್ಟಾಂತ ಕೇಳುವವರಿಗೆ ನಾಟಬೇಕಾದರೆ ಪಟ್ಟಿಯಲ್ಲಿರುವ ಒಂದೊಂದು ವಸ್ತುವೂ ಅವರು ಲಾಯದಲ್ಲಿ ಕಂಡುದೇ ಆಗಿರಬೇಕು. ಪಲ್ಲಣವನ್ನು ಇಲ್ಲಿ ಅಲಂಕಾರಗಳ ಸಾಲಿನಲ್ಲಿ ಹೇಳದೆ ಬಂಧನಗಳ ಸಾಲಿನಲ್ಲಿ ಹೇಳಿರುವುದು ಗಮನಾರ್ಹ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಕೋಲು, ಚಾವಟಿ, ಬೆತ್ತಗಳಿಂದ ಹೊಡೆಯುವುದೆಂದು ವಿವರಿಸುತ್ತಾರೆ. ಇಷ್ಟವಾದ ಸ್ಥಳಕ್ಕೆ ಹೋಗದಂತೆ ತಡೆಯುವುದು ಬಂಧ. ನ್ಯಾಯವಾದ ಹೊರೆಯನ್ನು ಮೀರಿ ಹೊರಿಸುವುದು ಅತಿಭಾರ. ಅಂಗಸೂತ್ರದ ಪಟ್ಟಿಯನ್ನೂ ಈ ವ್ಯಾಖ್ಯಾನವನ್ನೂ ಒಟ್ಟಿಗಿಟ್ಟು ನೋಡಿದರೆ ಸಾಧನಗಳು ಬಹುಮಟ್ಟಿಗೆ ಅವೇ. ಎರಡು ಸಂಪ್ರದಾಯಗಳ ಗ್ರಂಥಗಳು ಹೀಗೆ ಒಂದೇ ಲಾಯದ ಮುಂದೆ ನಿಂತು ಮಾತನಾಡುವುದು ಅಪರೂಪ.

ನ್ಯಾಯವಾದ ಹೊರೆ ಎಷ್ಟು ಎಂಬುದನ್ನು ತೂಕದಿಂದಷ್ಟೇ ಹೇಳಲಾಗದು. ಹೊರೆ ಬೀಳುವ ಸ್ಥಳವೂ ಮುಖ್ಯ. ಕುದುರೆಯ ಬೆನ್ನೆಲುಬಿನ ಮೇಲೆ ಮಾಂಸ ಕಡಿಮೆ. ಅದರ ಎರಡು ಪಕ್ಕಗಳಲ್ಲಿ ಉದ್ದಕ್ಕೂ ಇರುವ ಮಾಂಸಖಂಡಗಳೇ ಭಾರವನ್ನು ತಾಳಬಲ್ಲವು. ಒಳಗೆ ಮರದ ಚೌಕಟ್ಟುಳ್ಳ ಪಲ್ಲಣವು ಎರಡು ಪಕ್ಕಗಳ ಮೇಲೆ ಕುಳಿತು ನಡುವಣ ಎಲುಬನ್ನು ಮುಟ್ಟದೆ ಬಿಡುತ್ತದೆ. ಚೌಕಟ್ಟು ಅಗಲವಾದರೆ ಪಲ್ಲಣ ಕುಸಿದು, ಕುತ್ತಿಗೆಯ ಬುಡದಲ್ಲಿ ಬೆನ್ನು ಎತ್ತರವಾಗಿರುವ ಸ್ಥಳವನ್ನು ಒತ್ತುತ್ತದೆ. ಇಕ್ಕಟ್ಟಾದರೆ ಹೆಗಲನ್ನು ಇಕ್ಕುಳದಂತೆ ಹಿಡಿಯುತ್ತದೆ. ಎರಡರಿಂದಲೂ ಹುಣ್ಣು. ಹೊಟ್ಟೆಪಟ್ಟಿಯನ್ನು ಮುಂಗಾಲುಗಳ ಹಿಂದೆ, ಮೊಣಕೈ ಉಜ್ಜದಷ್ಟು ಅಂತರದಲ್ಲಿ ಬಿಗಿಯಬೇಕು. ಏರುವಾಗ ಪಲ್ಲಣ ಹಿಂದಕ್ಕೆ ಜಾರದಂತೆ ಎದೆಪಟ್ಟಿ, ಇಳಿಯುವಾಗ ಮುಂದಕ್ಕೆ ಜಾರದಂತೆ ಬಾಲದ ಬುಡದ ಪಟ್ಟಿ. ಕಡಿವಾಣದ ಕಬ್ಬಿಣವು ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಇರುವ ಹಲ್ಲಿಲ್ಲದ ತೆರಪಿನಲ್ಲಿ ಕೂಡಬೇಕು. ಹಗುರಾದ ಸವಾರನೂ ಕೆಟ್ಟ ಪಲ್ಲಣದ ಮೇಲೆ ಕುಳಿತರೆ ಅತಿಭಾರವೇ ಆಗುತ್ತಾನೆ. ಶ್ರಾವಕಾಚಾರದ ವಿವೇಚನೆಯಲ್ಲಿ ಅತಿಭಾರವನ್ನು ಬರಿಯ ತೂಕವೆಂದು ತಿಳಿಯುವುದು ಸಾಲದೆಂಬುದಕ್ಕೆ ಇದು ಆಧಾರವಾದೀತು.

ಅಂಕವಣಿಯ ಇತಿಹಾಸ ಇನ್ನೂ ವಿವಾದಾಸ್ಪದ. ಸಾಂಚಿ, ಭಾಜಾ ಮುಂತಾದ ಕಡೆಗಳ ಕ್ರಿಸ್ತಪೂರ್ವದ ಶಿಲ್ಪಗಳಲ್ಲಿ ಕಾಲ್ಬೆರಳನ್ನು ತೂರಿಸುವ ಕುಣಿಕೆಯಷ್ಟೇ ಕಾಣುತ್ತದೆ. ಪಾದವನ್ನಿಡುವ ಪೂರ್ಣರೂಪದ ಸಾಧನಕ್ಕೆ ನಿಶ್ಚಿತ ಕಾಲದ ಹಳೆಯ ಸಾಕ್ಷ್ಯ ಚೀನದ್ದು: ಚಾಂಗ್‌ಶಾದ ಕ್ರಿ.ಶ. 302ರ ಸಮಾಧಿಯ ಬೊಂಬೆಗಳಲ್ಲಿ ಒಂದೇ ಪಕ್ಕಕ್ಕೆ, ನಾನ್‌ಜಿಂಗಿನ ಕ್ರಿ.ಶ. 322ರದರಲ್ಲಿ ಎರಡೂ ಪಕ್ಕಕ್ಕೆ. ಇದು ತುರ್ಕರೊಡನೆಯೇ ಭಾರತಕ್ಕೆ ಬಂದಿತೆಂಬ ಮತಕ್ಕೆ ಖಜುರಾಹೊ ಶಿಲ್ಪಗಳೂ, ಬೇಲೂರು ಹಳೇಬೀಡುಗಳ ಹೊಯ್ಸಳ ಶಿಲ್ಪಗಳೂ ಅಡ್ಡಬರುತ್ತವೆ. ಜೀನ್ ದೆಲೋಶ್ ಎಂಬ ಫ್ರೆಂಚ್ ವಿದ್ವಾಂಸರು ಹೊಯ್ಸಳ ಶಿಲ್ಪದ ಯುದ್ಧಸಾಧನಗಳನ್ನು ಕುರಿತು 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಜ್ಜುಗಳನ್ನು ಪರಿಶೀಲಿಸಿದ್ದಾರೆ. ಅಂಕವಣಿಗೆ ತಮಿಳಿನಲ್ಲಿ ಅಂಕವಡಿ ಎಂಬ ಹತ್ತಿರದ ರೂಪ ಇರುವುದರಿಂದ, ರಿಕಾಬಿನ ಮೊದಲೇ ದಕ್ಷಿಣದವರು ಆ ವಸ್ತುವಿಗೆ ತಮ್ಮದೇ ಹೆಸರನ್ನು ಇಟ್ಟುಕೊಂಡಿದ್ದರೆಂದು ಊಹಿಸಬಹುದು. ಬಸದಿಗಳಲ್ಲಿರುವ ಅಶ್ವಾರೂಢ ಬ್ರಹ್ಮಯಕ್ಷನ ಮೂರ್ತಿಗಳಲ್ಲಿ ಪಾದ ಎಲ್ಲಿ ಊರಿದೆ, ಪಟ್ಟಿ ಎಲ್ಲಿ ಹಾದಿದೆ ಎಂಬುದನ್ನು ಕಾಲಾನುಕ್ರಮದಲ್ಲಿ ಗುರುತಿಸಿದರೆ ಈ ಊಹೆಯನ್ನು ಪರೀಕ್ಷಿಸಲು ಸಾಧ್ಯ.

ಕನ್ನಡದಲ್ಲಿ ಅಶ್ವವಿಷಯಕ ಗ್ರಂಥಗಳನ್ನು ಬರೆದವರಲ್ಲಿ ಸು. 1400ರ ಅಭಿನವಚಂದ್ರನೂ, ಮೈಸೂರಿನ ಚಾಮರಾಜ ಒಡೆಯರ (1617-1637) ಕಾಲದಲ್ಲಿ ಹಯಸಾರಸಮುಚ್ಚಯವನ್ನು ರಚಿಸಿದ ಪದ್ಮಣಪಂಡಿತನೂ ಮುಖ್ಯರು. ಇಬ್ಬರ ನಡುವೆ ಎರಡು ಶತಮಾನಗಳಿಗಿಂತ ಹೆಚ್ಚು ಅಂತರ. ಪದ್ಮಣಪಂಡಿತನ ವೇಳೆಗೆ ಜೀನು, ಲಗಾಮುಗಳು ಕನ್ನಡ ನಾಡಿನ ಲಾಯಗಳಿಗೆ ಹೊಸವಾಗಿರಲಾರವು. ಅವನ ಗ್ರಂಥದ ಪ್ರತಿಯಲ್ಲಿ ಅವು ದೊರೆತರೆ ಪ್ರಕ್ಷೇಪವೆಂದು ತಳ್ಳಲಾಗದು. ಅಭಿನವಚಂದ್ರನ ಪ್ರತಿಯಲ್ಲಿ ದೊರೆತರೆ ಸಂದೇಹಿಸಬೇಕು, ಆದರೆ ತಿದ್ದಲಾಗದು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ಅರ್ಧಶತಮಾನ ಕಳೆದಿತ್ತು. ಕುದುರೆ ವೈದ್ಯನು ಕುದುರೆ ಮಾರುವವನ ಮಾತನ್ನು ಅಷ್ಟರಲ್ಲಿ ಕಲಿತಿರಲಾರನೆಂದು ಹೇಳುವಂತಿಲ್ಲ. ಅಂಥ ಪಾಠವನ್ನು ಮೂಲದಲ್ಲಿಯೇ ಉಳಿಸಿ, ಪಲ್ಲಣವೆಂದಿರುವ ಪ್ರತಿಗಳನ್ನು ಅಡಿಯಲ್ಲಿ ಸೂಚಿಸುವುದು ಯುಕ್ತ.