ಪಾದಯಾತ್ರೆ ಅಂದರೇನು? ಘಟ್ಟದ ಜನರನ್ನು ನಡೆದು ಕಂಡವರು, ನಕ್ಷೆಯಲ್ಲಿ ಕಂಡವರು

ಪಾದಯಾತ್ರೆ ಅಂದ ಕೂಡಲೇ ಹಾಸನದ ಮಲೆನಾಡಿನವರಿಗೆ ನೆನಪಾಗೋದು ಶಿವರಾತ್ರಿ ಹೊತ್ತಿಗೆ ಘಟ್ಟ ಇಳಿದು ಧರ್ಮಸ್ಥಳಕ್ಕೆ ಹೋಗುವ ಭಕ್ತರ ಸಾಲು. ಅಲ್ಲಿ ಗುರಿ ಮಂಜುನಾಥ, ದಾರಿಯ ಊರುಗಳು ತಂಗುದಾಣ. ಇನ್ನೊಂದು ಬಗೆಯ ಪಾದಯಾತ್ರೆ ಇದೆ. ಅದರಲ್ಲಿ ದಾರಿಯ ಊರುಗಳೇ ಗುರಿ, ಅಲ್ಲಿನ ಜನರನ್ನು ಕಂಡು ಮಾತಾಡೋದೇ ಯಾತ್ರೆ. ಯಸಳೂರು, ಹೆತ್ತೂರು ಹೋಬಳಿಗಳಂಥ ಘಟ್ಟದಂಚಿನ ಊರುಗಳಿಗೆ ಈ ಎರಡನೆಯದು ಯಾಕೆ ಮುಖ್ಯ ಅನ್ನೋದನ್ನು ಇಲ್ಲಿ ನೋಡೋಣ.

ವಿನೋಬಾರಿಂದ ಶುರು

ಸ್ವತಂತ್ರ ಭಾರತದಲ್ಲಿ ಇದಕ್ಕೆ ದೊಡ್ಡ ಮಾದರಿ ವಿನೋಬಾ ಭಾವೆ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ದಲಿತ ಕುಟುಂಬಗಳು ಉಳಲು ಭೂಮಿ ಕೇಳಿದವು. ಊರಿನ ಜಮೀನ್ದಾರ ರಾಮಚಂದ್ರ ರೆಡ್ಡಿ 100 ಎಕರೆ ಕೊಡಲು ಒಪ್ಪಿದರು. ಭೂದಾನ ಹುಟ್ಟಿದ್ದು ಹಾಗೆ. ಆಮೇಲೆ ವಿನೋಬಾ 13 ವರ್ಷ ದೇಶ ಸುತ್ತಿದರು. ಮೈಸೂರಿನ ಬಳಿಯ ಯಲವಾಲದಲ್ಲಿ 1957ರ ಸೆಪ್ಟೆಂಬರ್‌ನಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ಪ್ರಧಾನಿ ನೆಹರೂ ಬಂದಿದ್ದರು. ದಾನವಾಗಿ ಬಂದ ಭೂಮಿಯಲ್ಲಿ ಬಹಳಷ್ಟು ಬಡವರ ಕೈಸೇರಲಿಲ್ಲ, ಅದು ನಿಜ. ಆದರೆ ಭೂಮಿಯ ಪ್ರಶ್ನೆಯನ್ನು ಎತ್ತಿದವರು ಊರಿನವರೇ, ವಿನೋಬಾ ಅಲ್ಲ. ನಡೆದು ಬಂದವರ ಮುಂದೆ ಜನ ತಮ್ಮ ಪ್ರಶ್ನೆ ಇಡುತ್ತಾರೆ.

1983ರಲ್ಲಿ ಚಂದ್ರಶೇಖರ್ ಕನ್ಯಾಕುಮಾರಿಯಿಂದ ದೆಹಲಿಯ ರಾಜಘಾಟ್‌ವರೆಗೆ, 2022–23ರಲ್ಲಿ ರಾಹುಲ್ ಗಾಂಧಿ ಕನ್ಯಾಕುಮಾರಿಯಿಂದ ಶ್ರೀನಗರದವರೆಗೆ ನಡೆದರು. ರಾಹುಲ್ ಯಾತ್ರೆ ಗುಂಡ್ಲುಪೇಟೆಯಲ್ಲಿ ರಾಜ್ಯಕ್ಕೆ ಬಂದು ಮೈಸೂರು, ಮಂಡ್ಯ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ರಾಯಚೂರು ಕಡೆ ಸಾಗಿತು. ಹಾಸನದ ಘಟ್ಟದ ಸೀಮೆ ಆ ದಾರಿಯಲ್ಲಿರಲಿಲ್ಲ.

ಘಟ್ಟದ ಉದ್ದಕ್ಕೂ 100 ದಿನ

ಘಟ್ಟವನ್ನೇ ದಾರಿ ಮಾಡಿಕೊಂಡ ಯಾತ್ರೆಯೂ ಒಂದಿದೆ. ಅದಕ್ಕೂ ಮುಂಚೆ, 1981ರಿಂದ 1983ರವರೆಗೆ, ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣ ಕಾಶ್ಮೀರದಿಂದ ಕೊಹಿಮಾವರೆಗೆ ಹಿಮಾಲಯದ ಹಳ್ಳಿಗಳನ್ನು ನಡೆದು ಮುಗಿಸಿದ್ದರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರ ಅಪ್ಪಿ ನಿಂತಾಗ ನಮ್ಮಲ್ಲಿ ಅಪ್ಪಿಕೋ ಶುರುವಾಯಿತು.

ಈ ಹಿನ್ನೆಲೆಯಲ್ಲಿ ಬಂದದ್ದು ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ. 1987ರ ನವೆಂಬರ್‌ನಲ್ಲಿ ಒಂದು ತಂಡ ಕನ್ಯಾಕುಮಾರಿಯಿಂದ ಉತ್ತರಕ್ಕೆ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ ದಕ್ಷಿಣಕ್ಕೆ ಹೊರಟವು. ಸುಮಾರು 1,600 ಕಿ.ಮೀ. ಉದ್ದದ ಗಿರಿಸಾಲು, ಸುಮಾರು 100 ದಿನ. 1988ರ ಫೆಬ್ರವರಿಯಲ್ಲಿ ಎರಡೂ ತಂಡ ಗೋವಾದಲ್ಲಿ ಸೇರಿದವು. ಅಣೆಕಟ್ಟು, ಗಣಿ, ಕಾಡುನಾಶದ ಬಗ್ಗೆ ಆಯಾ ಊರಲ್ಲೇ ಮಾತಾಡಿದವು. ಪಶ್ಚಿಮ ಘಟ್ಟ ಒಂದೇ ಸೀಮೆ, ಇದಕ್ಕೆ ಒಟ್ಟಾದ ಯೋಚನೆ ಬೇಕು ಅನ್ನುವ ಮಾತಿಗೆ ಬಲ ಬಂದದ್ದು ಅಲ್ಲಿಂದ.

ಆಮೇಲೆ ಬಂದ ನಕ್ಷೆ

ಎರಡು ದಶಕದ ನಂತರ ಸರ್ಕಾರ ಘಟ್ಟದ ಕಡೆ ತಿರುಗಿತು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಸಕಲೇಶಪುರದ ಹೆತ್ತೂರು ಭಾಗದ ಕಾಡಿಗೆ ತಾಗಿದ ಗುಂಡ್ಯ ಜಲವಿದ್ಯುತ್ ಯೋಜನೆ ಬೇಡ ಅಂದದ್ದು ಇದೇ ವರದಿ. ಎಲ್ಲಿ ಏನಿರಬೇಕು ಅನ್ನೋದನ್ನು ಗ್ರಾಮಸಭೆಗಳ ಅಭಿಪ್ರಾಯ ಕೇಳಿ ಅಂತಿಮಗೊಳಿಸಿ ಅಂತಲೂ ಹೇಳಿತ್ತು. ಆದರೆ ಕೇಂದ್ರ ಸರ್ಕಾರ 2012ರ ಮೇ ತನಕ ವರದಿಯನ್ನು ಜನರ ಮುಂದೆ ಇಡಲೇ ಇಲ್ಲ. ಆ ಹೊತ್ತಿಗೆ ಘಟ್ಟದಲ್ಲಿ ವರದಿಗಿಂತ ಮುಂಚೆ ಭಯ ಬಂದಾಗಿತ್ತು.

2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರಗಳನ್ನು ನೆಚ್ಚಿಕೊಂಡಿತು. ಹಳ್ಳಿಯ ಶೇ. 20ರಷ್ಟು ಅಥವಾ ಹೆಚ್ಚು ಜಾಗ ಸೂಕ್ಷ್ಮ ಅಂತ ಕಂಡರೆ ಇಡೀ ಹಳ್ಳಿ ಪಟ್ಟಿಗೆ. ಕರ್ನಾಟಕದಲ್ಲಿ ಹೀಗೆ 1,576 ಹಳ್ಳಿ, 20,668 ಚದರ ಕಿ.ಮೀ. ಸೇರಿದವು; ಸಕಲೇಶಪುರ ತಾಲ್ಲೂಕಿನ ಹಳ್ಳಿಗಳೂ ಅದರಲ್ಲಿವೆ. ಮರದ ನೆರಳಿನ ಕಾಫಿ ತೋಟ ಮೇಲಿಂದ ಕಾಡಿನ ಹಾಗೆ ಕಾಣುತ್ತೆ ಅನ್ನೋದು ಬೆಳೆಗಾರರ ದೊಡ್ಡ ತಕರಾರು. ತೋಟವೇ ಇಲ್ಲದ, ಲೈನ್ ಮನೆಯಲ್ಲಿರುವ ಕೂಲಿಯವರ ಮಾತಂತೂ ಯಾವ ಚಿತ್ರದಲ್ಲೂ ಕಾಣಲ್ಲ. 2014ರಿಂದ 2024ರವರೆಗೆ ಕೇಂದ್ರ ಆರು ಸಲ ಕರಡು ಅಧಿಸೂಚನೆ ಹೊರಡಿಸಿತು. 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು.

ತಿರಸ್ಕರಿಸಿದ್ದರಿಂದ ಘಟ್ಟದ ಸಮಸ್ಯೆ ಮುಗಿಯಿತಾ? ಇಲ್ಲ. ಅದೇ ತಿಂಗಳ 6ರಂದು ಇದೇ ಸಕಲೇಶಪುರ ತಾಲ್ಲೂಕಿನಲ್ಲಿ ಎತ್ತಿನಹೊಳೆ ಮೊದಲ ಹಂತ ಉದ್ಘಾಟನೆಯಾಯಿತು. ಆಲೂರು, ಸಕಲೇಶಪುರದಲ್ಲಿ ಆನೆ ಗದ್ದೆಗೆ ಇಳಿಯೋದು ನಿಂತಿಲ್ಲ. ಮಳೆಗಾಲಕ್ಕೆ ಗುಡ್ಡ ಕುಸಿಯೋದೂ ನಿಂತಿಲ್ಲ. ಸಂರಕ್ಷಣೆ ಅಂದರೆ ಒಕ್ಕಲೆಬ್ಬಿಸೋದು ಅನ್ನುವ ಅನುಮಾನ ಹಾಗೇ ಉಳಿದಿದೆ.

ಹಾಗಾದರೆ ನಡೆದರೆ ಸಾಕೇ?

ಸಾಕಾಗಲ್ಲ. ನಡೆಯೋದೇ ಪ್ರಚಾರವಾದರೆ, ಊರಿಗೆ ಬಂದವರು ಭಾಷಣ ಮಾಡಿ ಫೋಟೊ ತೆಗೆಸಿಕೊಂಡು ಹೋದರೆ, ಅದು ಕಾರಿನಲ್ಲಿ ಬಂದದ್ದಕ್ಕಿಂತ ನಿಧಾನ, ಅಷ್ಟೇ. 1987ರ ಯಾತ್ರೆಯೂ ಪ್ರತಿ ಊರಲ್ಲಿ ಉಳಿಯಲಿಲ್ಲ, ದಾಟಿ ಹೋಯಿತು. ಗಾಡ್ಗೀಳ್ ಸಮಿತಿ 2010ರಲ್ಲಿ ಗುಂಡ್ಯಕ್ಕೆ ಭೇಟಿ ಕೊಟ್ಟಿತ್ತು, ಆದರೂ ವರದಿ ಜನರದ್ದಾಗಲಿಲ್ಲ.

ಪಾದಯಾತ್ರೆ ಕಲಿಸುವ ಪಾಠ ಒಂದೇ: ತೀರ್ಮಾನಕ್ಕೆ ಮೊದಲು ಕೇಳಬೇಕು, ಕೇಳಿದ್ದನ್ನು ಬರೆದು ಅದೇ ಊರಿಗೆ, ಅದೇ ಊರಿನ ಭಾಷೆಯಲ್ಲಿ ತಂದು ತೋರಿಸಬೇಕು. ಅದಕ್ಕೆ ಕನ್ಯಾಕುಮಾರಿಯಿಂದಲೇ ಹೊರಡಬೇಕಿಲ್ಲ. ಮುಂದಿನ ಕರಡು ಬರುವ ಮುಂಚೆ ಅಧಿಕಾರಿಗಳು ಯಸಳೂರು ಹೋಬಳಿಯ ಗ್ರಾಮಸಭೆಗಳಲ್ಲಿ ಕನ್ನಡದ ನಕ್ಷೆ ಹಾಸಿ ಕೂತು, ಬೆಳೆಗಾರರ ಜೊತೆಗೆ ಕೂಲಿಯವರನ್ನೂ ಕೇಳಿದರೆ, ಅದೇ ಈ ಬೆಟ್ಟಗಳಿಗೆ ಬೇಕಾದ ಯಾತ್ರೆ.