ಖಾಲಿ ಬಿಟ್ಟ ಅಧ್ಯಕ್ಷರ ಕುರ್ಚಿ: ಸೇಲಂ–ಧರ್ಮಪುರಿ ಸೀಮೆಯಲ್ಲಿ ಪೆರಿಯಾರ್ ಕುರಿತ ಜಗಳ

ಕನ್ನಡ ವಿಭಾಗದ ವಿಚಾರಗೋಷ್ಠಿಯಲ್ಲಿ ತಮಿಳುನಾಡಿನ ಪಕ್ಷ ರಾಜಕಾರಣದ ಪ್ರಬಂಧ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಾನು ಮಾತಾಡಲು ಹೊರಟಿರುವ ಅಧ್ಯಕ್ಷರ ಮನೆಮಾತು ಕನ್ನಡ. ಅವರ ಹೆಸರಲ್ಲಿ ಇವತ್ತಿಗೂ ನಡೆಯುವ ವಾದಗಳಲ್ಲಿ 'ಕನ್ನಡಿಗ' ಅನ್ನೋ ಪದ ಬೈಗುಳವಾಗಿಯೂ ಬರುತ್ತದೆ, ಸಮರ್ಥನೆಯಾಗಿಯೂ ಬರುತ್ತದೆ. ನನಗೆ ಅಷ್ಟು ಕಾರಣ ಸಾಕಾಯಿತು.

1944ರ ಆಗಸ್ಟ್ 27ರಂದು ಸೇಲಂನಲ್ಲಿ ಜಸ್ಟಿಸ್ ಪಕ್ಷದ ಸಮ್ಮೇಳನ ನಡೆಯಿತು. ಆಗಿನ ಸೇಲಂ ಜಿಲ್ಲೆ ಅಂದರೆ ಇವತ್ತಿನ ಧರ್ಮಪುರಿ, ಕೃಷ್ಣಗಿರಿ, ಹೊಸೂರು ಎಲ್ಲವೂ ಸೇರಿದ ದೊಡ್ಡ ಸೀಮೆ. ಧರ್ಮಪುರಿ ಬೇರೆಯಾದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಒಡೆದದ್ದು 2004ರಲ್ಲಿ. ಪಕ್ಷದ ಅಧ್ಯಕ್ಷರು ಈರೋಡಿನ ಇ. ವಿ. ರಾಮಸ್ವಾಮಿ, ಅಂದರೆ ಪೆರಿಯಾರ್. 1938ರ ಕೊನೆಯಲ್ಲಿ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದಾಗ ಅವರು ಜೈಲಿನಲ್ಲಿದ್ದರು. ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದ್ದನ್ನು ವಿರೋಧಿಸಿದ್ದೇ ಅಪರಾಧ. ಕಡ್ಡಾಯ ಮಾಡಿದವರು ರಾಜಾಜಿ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿ, ಸೇಲಂನಲ್ಲಿ ವಕೀಲಿ ಮಾಡಿ, ಅಲ್ಲಿನ ಪುರಸಭೆಯ ಅಧ್ಯಕ್ಷರಾಗಿದ್ದವರು. ಪೆರಿಯಾರರನ್ನು ಕಾಂಗ್ರೆಸ್ಸಿಗೆ ಕರೆತಂದ ಹಳೆಯ ಗೆಳೆಯರು ಕೂಡ.

ಸೇಲಂನಲ್ಲಿ ಅಣ್ಣಾದುರೈ ಅವರ ಹೆಸರಿನ ನಿರ್ಣಯ ಮಂಡನೆಯಾಯಿತು. ಬ್ರಿಟಿಷರು ಕೊಟ್ಟ ಸರ್, ರಾವ್ ಬಹದ್ದೂರ್ ಬಿರುದುಗಳನ್ನು ಸದಸ್ಯರು ಬಿಡಬೇಕು, ಸರ್ಕಾರ ಕೊಡುವ ಗೌರವ ಹುದ್ದೆಗಳಲ್ಲಿ ಇರಬಾರದು, ಪಕ್ಷದ ಹೆಸರು ಇನ್ನು ಮುಂದೆ ದ್ರಾವಿಡರ್ ಕಳಗಂ. ಜಮೀನ್ದಾರರ, ಬಿರುದಾಂಕಿತರ ಪಕ್ಷಕ್ಕೆ ಇದು ಸಣ್ಣ ಮಾತಲ್ಲ. ಪಿ. ಟಿ. ರಾಜನ್ ಮುಂತಾದವರು ಒಪ್ಪದೆ ಹಳೆಯ ಹೆಸರನ್ನೇ ಹಿಡಿದು ಬೇರೆಯಾಗಿ ಉಳಿದರು. (ಕಳಗಂ ಎಂದು ಬರೆಯುವಾಗ ನಮಗೆ ಒಂದು ಅಕ್ಷರ ಸಾಲದೆ ಬರುತ್ತದೆ. ತಮಿಳಿನಲ್ಲಿ ಅದು ೞಕಾರ. ಹಳಗನ್ನಡದಲ್ಲಿ ನಮಗೂ ಇತ್ತು, ಕಳೆದುಕೊಂಡೆವು.)

'ತಮಿಳರ್' ಅನ್ನದೆ 'ದ್ರಾವಿಡರ್' ಅಂದದ್ದು ಯಾಕೆ? ತಮಿಳ ಅಂದರೆ ತಮಿಳಾಡುವ ಬ್ರಾಹ್ಮಣರೂ ನಾವೂ ತಮಿಳರೇ ಅಂತ ಒಳಗೆ ಬರುತ್ತಾರೆ, ದ್ರಾವಿಡ ಅಂದರೆ ಬರಲಾರರು ಎಂಬುದು ಪೆರಿಯಾರ್ ವಾದ. ಆ ಹೆಸರಿನೊಳಗೆ ಕನ್ನಡಿಗರು, ತೆಲುಗರು, ಮಲಯಾಳಿಗಳು ಎಲ್ಲರೂ ಇದ್ದರು, ಕಾಗದದ ಮೇಲೆ. ನಿಜವಾಗಿ ದ್ರಾವಿಡ ನಾಡಿನ ಬೇಡಿಕೆ ಕನ್ನಡ ಸೀಮೆಯಲ್ಲಿ ಬೇರೂರಲೇ ಇಲ್ಲ. ನಮ್ಮವರ ಕನಸು ಏಕೀಕರಣದ ಕಡೆಗಿತ್ತು. 1956ರಲ್ಲಿ ಭಾಷಾವಾರು ರಾಜ್ಯಗಳಾದ ಮೇಲೆ ಪೆರಿಯಾರರೇ ತಮ್ಮ ಬೇಡಿಕೆಯನ್ನು ತಮಿಳುನಾಡಿಗೆ ಇಳಿಸಿಕೊಂಡರು. ಇವತ್ತಿನ ತಮಿಳು ರಾಷ್ಟ್ರೀಯವಾದಿಗಳು ಎಳೆಯುವ ದಾರ ಇದೇ: ದ್ರಾವಿಡ ಅನ್ನುವ ಮುಸುಕಿನಲ್ಲಿ ತಮಿಳರಲ್ಲದವರು ತಮಿಳರನ್ನು ಆಳಿದರು, ಅದನ್ನು ಶುರುಮಾಡಿದವನೇ ಒಬ್ಬ ಕನ್ನಡಿಗ ಅಂತ. ದ್ರಾವಿಡ ಪಕ್ಷದವರ ಮರುಮಾತು, ತಮಿಳಿಗಾಗಿ ಜೈಲಿಗೆ ಹೋದವನ ಮನೆಮಾತು ಕೇಳಬೇಡಿ ಅಂತ. ಎರಡೂ ಕಡೆಯವರಿಗೆ ಅವರ ಕನ್ನಡ ಒಂದು ತೊಡಕು. ಅದು ಅವರಿಗೆ ಏನಾಗಿತ್ತು ಅಂತ ಕೇಳುವವರು ಕಡಿಮೆ. ತಮಿಳನ್ನೇ ಕಾಡುಭಾಷೆ ಅಂತ ಜರೆದು, ಅದರ ಲಿಪಿಯನ್ನು 1935ರಿಂದಲೇ ತಮ್ಮ ಪತ್ರಿಕೆಯಲ್ಲಿ ಸರಳ ಮಾಡಿಕೊಂಡ ಮನುಷ್ಯ ಅವರು. ಭಾಷೆ ಅವರಿಗೆ ತಾಯಿಯೂ ಅಲ್ಲ, ದೇವಿಯೂ ಅಲ್ಲ, ಕೆಲಸದ ಸಾಮಾನು. ಆ ಲಿಪಿ ಸುಧಾರಣೆಯನ್ನು 1978ರಲ್ಲಿ ಸರ್ಕಾರವೇ ಒಪ್ಪಿಕೊಂಡಿತು. ಅವರ ಪರಂಪರೆಯಲ್ಲಿ ಯಾರೂ ಜಗಳವಾಡದ ಭಾಗ ಬಹುಶಃ ಇದೊಂದೇ.

ಈಗ ಕುರ್ಚಿಯ ಸಂಗತಿ. 1949ರಲ್ಲಿ ಮಣಿಯಮ್ಮೈ ಅವರ ಜೊತೆ ಪೆರಿಯಾರ್ ಮದುವೆಯಾದಾಗ ಅಣ್ಣಾದುರೈ ಮತ್ತು ಸಂಗಡಿಗರು ಹೊರಬಂದು ಸೆಪ್ಟೆಂಬರ್ 17ರಂದು, ಪೆರಿಯಾರರ ಹುಟ್ಟುಹಬ್ಬದ ದಿನವೇ, ದ್ರಾವಿಡ ಮುನ್ನೇಟ್ರ ಕಳಗಂ ಕಟ್ಟಿದರು. ಹೊಸ ಪಕ್ಷದಲ್ಲಿ ಅಣ್ಣಾದುರೈ ಪ್ರಧಾನ ಕಾರ್ಯದರ್ಶಿ. ಅಧ್ಯಕ್ಷರ ಸ್ಥಾನ ಖಾಲಿ, ಅದು ಪೆರಿಯಾರರಿಗೆ ಮೀಸಲು ಅಂತ. 1969ರಲ್ಲಿ ಕರುಣಾನಿಧಿ ಅಧ್ಯಕ್ಷರಾಗುವ ತನಕ, ಸುಮಾರು 20 ವರ್ಷ, ಹಾಗೇ ಇತ್ತು. ಇದನ್ನು ಬರೀ ಗೌರವ ಅಂತ ಓದುವುದು ನನಗೆ ಕಷ್ಟ. ಆ ಅವಧಿಯಲ್ಲಿ ಪೆರಿಯಾರ್ ಡಿಎಂಕೆಯನ್ನು ಬಾಯ್ತುಂಬ ಬೈಯುತ್ತಿದ್ದರು, 1967ರ ಚುನಾವಣೆಯಲ್ಲೂ ಕಾಮರಾಜರ ಕಾಂಗ್ರೆಸ್ ಪರವಾಗಿಯೇ ಇದ್ದರು. ಗೆದ್ದ ಅಣ್ಣಾದುರೈ ಮಾತ್ರ ನೇರ ತಿರುಚಿಗೆ ಹೋಗಿ ಅವರನ್ನು ಕಂಡರು, ಈ ಸರ್ಕಾರವೇ ಅವರಿಗೆ ಕಾಣಿಕೆ ಅಂದರು. ಅಧ್ಯಕ್ಷ ಎದುರಿಗೆ ಕೂತಿದ್ದರೆ ಆತನ ಮಾತು ಕೇಳಬೇಕಾಗುತ್ತದೆ. ಕುರ್ಚಿ ಖಾಲಿ ಇದ್ದರೆ ಆತನ ಹೆಸರಿನಲ್ಲಿ ನಾವೇ ಮಾತಾಡಬಹುದು. ಬೆಂಬಲಿಗರ ಇವತ್ತಿನ ವಾದಗಳೂ ಈ ಅನುಕೂಲದ ಮೇಲೇ ನಿಂತಿವೆ ಅಂತ ನನ್ನ ಓದು.

1971ರ ಜನವರಿಯ ಸೇಲಂ ಇದಕ್ಕೆ ಒಳ್ಳೆ ಉದಾಹರಣೆ. ಅಲ್ಲಿ ನಡೆದ ಮೂಢನಂಬಿಕೆ ನಿರ್ಮೂಲನ ಸಮ್ಮೇಳನದ ಮೆರವಣಿಗೆಯಲ್ಲಿ ರಾಮನ ಚಿತ್ರಕ್ಕೆ ಚಪ್ಪಲಿಯ ಅವಮಾನವಾಯಿತು. ಜನಸಂಘದವರು ಕಪ್ಪು ಬಾವುಟ ತೋರಿಸಿ ಪೆರಿಯಾರ್ ಕಡೆ ಚಪ್ಪಲಿ ಎಸೆದರು, ಅದಕ್ಕೆ ಸಿಟ್ಟಾಗಿ ಹಾಗಾಯಿತು ಅಂತ ದ್ರಾವಿಡರ್ ಕಳಗಂ ಹೇಳುತ್ತದೆ. ಬೇಕಂತಲೇ ಮಾಡಿದ್ದು ಅಂತ ಎದುರಾಳಿಗಳು. ಕೆಲವೇ ವಾರಗಳಲ್ಲಿ ವಿಧಾನಸಭಾ ಚುನಾವಣೆ. ಸೇಲಂ ಘಟನೆಯನ್ನು ಡಿಎಂಕೆ ವಿರುದ್ಧ ಪ್ರಚಾರಕ್ಕೆ ಬಳಸಿದರು, ಡಿಎಂಕೆ 234ರಲ್ಲಿ 184 ಸ್ಥಾನ ಗೆದ್ದಿತು. ಆ ಸಂಖ್ಯೆಯನ್ನು ಪೆರಿಯಾರ್ ಅಭಿಮಾನಿಗಳು ಇವತ್ತಿಗೂ ಬಾಯಿಪಾಠ ಹೇಳುತ್ತಾರೆ. 2020ರ ಜನವರಿಯಲ್ಲಿ 'ತುಘಲಕ್' ಪತ್ರಿಕೆಯ ಸಮಾರಂಭದಲ್ಲಿ ರಜನಿಕಾಂತ್ ಇದೇ ಮೆರವಣಿಗೆ ನೆನಪಿಸಿದಾಗ ಪೊಲೀಸ್ ದೂರುಗಳಾದವು, ಕ್ಷಮೆ ಕೇಳಲ್ಲ ಅಂದರು. 49 ವರ್ಷದ ಹಿಂದೆ ಸೇಲಂ ಬೀದಿಯಲ್ಲಿ ನಡೆದದ್ದರ ವಿವರಕ್ಕೆ ರಾಜ್ಯವೆಲ್ಲ ವಾರಗಟ್ಟಲೆ ಕಚ್ಚಾಡಿತು.

ಮೆರವಣಿಗೆಯ ಜಗಳ ಅಲ್ಲಿಗಿರಲಿ. ನೀತಿಯ ಪ್ರಶ್ನೆ ಧರ್ಮಪುರಿಯಲ್ಲಿ ಹೆಚ್ಚು ಗಟ್ಟಿಯಾಗಿ ಸಿಗುತ್ತದೆ. 2022ರ ಜುಲೈನಲ್ಲಿ ಅಲ್ಲಿನ ಡಿಎಂಕೆ ಸಂಸದ ಸೆಂಥಿಲ್‌ಕುಮಾರ್ ಆಲಾಪುರಂ ಕೆರೆಯ ಕಾಮಗಾರಿಗೆ ಹೋದಾಗ ಅಧಿಕಾರಿಗಳು ಪುರೋಹಿತರಿಂದ ಭೂಮಿಪೂಜೆಗೆ ಅಣಿಮಾಡಿದ್ದರು. ಸರ್ಕಾರಿ ಕಾರ್ಯಕ್ರಮದಲ್ಲಿ ಒಂದೇ ಧರ್ಮದ ಪೂಜೆ ಯಾಕೆ, ಉಳಿದ ಧರ್ಮದವರೆಲ್ಲಿ, ದ್ರಾವಿಡರ್ ಕಳಗದವರೆಲ್ಲಿ ಅಂತ ಅವರು ಅಲ್ಲೇ ಕೇಳಿದರು. ಬಿಜೆಪಿ ಬೆಂಬಲಿಗರು ಹಿಂದೂದ್ವೇಷ ಅಂದರು. ನನಗೆ ಕುತೂಹಲ ಹುಟ್ಟಿಸಿದ್ದು ಆ ಪೂಜೆಯ ತಟ್ಟೆಯೇ. ಪೆರಿಯಾರ್ ಹೆಸರು ಹೇಳುವ ಪಕ್ಷಗಳು 1967ರಿಂದ ಸತತವಾಗಿ ಆಳಿದ ರಾಜ್ಯದಲ್ಲಿ, ಕೆರೆ ಕೆಲಸಕ್ಕೆ ಪುರೋಹಿತರನ್ನು ಕರೆಯುವುದು ಅಧಿಕಾರಿಗಳಿಗೆ ಸಹಜ ರೂಢಿಯಾಗಿಯೇ ಉಳಿದಿತ್ತು.

ಮದುವೆಯ ವಿಷಯ ಇದಕ್ಕಿಂತ ಕಠಿಣ. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಅಣ್ಣಾದುರೈ ಸರ್ಕಾರ ಕಾನೂನಿನ ಮಾನ್ಯತೆ ಕೊಟ್ಟಿತು. ಪೆರಿಯಾರ್ ವಿಚಾರ ನೇರವಾಗಿ ಕಾಯಿದೆಯಾದ ಜಾಗ ಅದು. ಅದೇ ರಾಜ್ಯದ ಧರ್ಮಪುರಿಯಲ್ಲಿ, ವನ್ನಿಯರ್ ಹುಡುಗಿ ದಲಿತ ಹುಡುಗನನ್ನು ಮದುವೆಯಾದಳು, ಆಕೆಯ ತಂದೆ ಸತ್ತರು ಅಂತ 2012ರ ನವೆಂಬರ್ 7ರಂದು ನಾಥಂ, ಅಣ್ಣಾನಗರ, ಕೊಂಡಂಪಟ್ಟಿಯ ದಲಿತ ಕಾಲೋನಿಗಳಿಗೆ ಬೆಂಕಿ ಬಿತ್ತು. ನೂರಾರು ಮನೆಗಳು ಲೂಟಿಯಾದವು, ಸುಟ್ಟವು. ಮರುವರ್ಷ ಆ ಹುಡುಗನ ಶವ ರೈಲು ಹಳಿಯ ಪಕ್ಕ ಸಿಕ್ಕಿತು. ಸುಟ್ಟ ಕಾಲೋನಿಯೊಂದಕ್ಕೆ ಅಣ್ಣಾ ಅವರದೇ ಹೆಸರು, ಗಮನಿಸಿ. ಆ ದಿನಗಳಲ್ಲಿ ಅಂತರ್ಜಾತಿ ಪ್ರೇಮವನ್ನು 'ನಾಟಕ' ಅಂತ ಪ್ರಚಾರ ಮಾಡಿದ್ದು ಪಿಎಂಕೆ. ಆ ಪಕ್ಷವೂ ಮಾರ್ಕ್ಸ್, ಅಂಬೇಡ್ಕರ್ ಜೊತೆಗೆ ಪೆರಿಯಾರ್ ಚಿತ್ರ ಹಾಕಿಕೊಂಡೇ ಬೆಳೆದದ್ದು. 2014ರಲ್ಲಿ ಧರ್ಮಪುರಿ ಲೋಕಸಭಾ ಸ್ಥಾನವನ್ನು ಅದೇ ಗೆದ್ದಿತು.

ಇಲ್ಲಿ ಬೆಂಬಲಿಗರ ವಾದ ಎರಡು ದಾರಿ ಹಿಡಿಯುತ್ತದೆ. ದ್ರಾವಿಡ ಕಾರ್ಯಕರ್ತರ ಪ್ರಕಾರ ಪೆರಿಯಾರ್ ಕಾನೂನು ಮಾಡಿಸಿದರು, ಮನಸ್ಸು ಬದಲಾಗಲು ಕಾಲ ಬೇಕು. ದಲಿತ ಚಿಂತಕರು ಕೇಳುವುದು ಬೇರೆ: ಬ್ರಾಹ್ಮಣ–ಅಬ್ರಾಹ್ಮಣ ಅನ್ನುವ ಒಂದೇ ಗೆರೆ ಎಳೆದ ಚಳವಳಿ, ಅಬ್ರಾಹ್ಮಣರ ಒಳಗಿನ ಜಾತಿ ಹಿಂಸೆಗೆ ಕಣ್ಣು ಮುಚ್ಚುವ ಪಕ್ಷಗಳನ್ನು ಹುಟ್ಟಿಸಿತಲ್ಲವೇ? ಎರಡನೆಯ ಮಾತೇ ನನಗೆ ಹೆಚ್ಚು ತೂಕದ್ದು ಅನ್ನಿಸುತ್ತದೆ. ಆದರೆ ತಪ್ಪನ್ನೆಲ್ಲ ಪೆರಿಯಾರ್ ಖಾತೆಗೆ ಬರೆಯಲಾರೆ. ಅವರು ಜಾತಿ ನಾಶದ ಮಾತಾಡಿದರು; ಓಟಿನ ಲೆಕ್ಕ ಹಾಕುವವರು ಮೀಸಲಾತಿಯನ್ನು ಉಳಿಸಿಕೊಂಡು ಜಾತಿನಾಶವನ್ನು ಭಾಷಣಕ್ಕೆ ಬಿಟ್ಟರು. ಮೀಸಲಾತಿ ಸಣ್ಣ ಸಾಧನೆ ಅಂತಲೂ ಹೇಳುತ್ತಿಲ್ಲ. ಶೇ. 69ರ ಮೀಸಲಾತಿಯನ್ನು 1994ರಲ್ಲಿ ಕಾಯಿದೆ ಮಾಡಿ ಸಂವಿಧಾನದ ಒಂಬತ್ತನೇ ಪರಿಚ್ಛೇದಕ್ಕೆ ಸೇರಿಸಿದ್ದು ಜಯಲಲಿತಾ ಕಾಲದಲ್ಲಿ, ಅಂದರೆ ಎದುರು ಪಕ್ಷಕ್ಕೂ ಆ ದಾರಿ ಬಿಡಲು ಆಗಲಿಲ್ಲ.

ಕೊನೆಗೆ ಭಾಷೆ. 1968ರಿಂದ ತಮಿಳುನಾಡಿನದು ದ್ವಿಭಾಷಾ ನೀತಿ: ತಮಿಳು, ಇಂಗ್ಲಿಷ್. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತ್ರಿಭಾಷಾ ಸೂತ್ರವನ್ನು ಎದುರಿಸುವಾಗ ಡಿಎಂಕೆಯವರು 1938ರ ಪೆರಿಯಾರರನ್ನೇ ಮುಂದಿಡುತ್ತಾರೆ, ನ್ಯಾಯವಾಗಿಯೇ. ಆದರೆ 2006ರ ತಮಿಳು ಕಲಿಕಾ ಕಾಯಿದೆಯೂ ಅವರದೇ. ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯ ಮೊದಲ ಭಾಷೆಯಾಯಿತು. ಹೊಸೂರು ಕಡೆಯ ಕನ್ನಡ ಶಾಲೆಗಳ ಮಕ್ಕಳಿಗೆ ಆ ತನಕ ಮೊದಲ ಭಾಷೆಯಾಗಿದ್ದ ಕನ್ನಡ ಐಚ್ಛಿಕದ ಸಾಲಿಗೆ ಸರಿಯಿತು. ಹತ್ತನೇ ತರಗತಿ ಪರೀಕ್ಷೆಗೆ ವಿನಾಯಿತಿ ಕೇಳಿ ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಹೋಗಬೇಕಾಯಿತು.

ನಾಡಿನ ಭಾಷೆ ಕಲಿಸುವುದೂ ಹೇರಿಕೆಯೂ ಒಂದೇ ಅಲ್ಲ ಅಂತ ಅಲ್ಲಿಯವರು ಹೇಳುತ್ತಾರೆ. ಒಪ್ಪುತ್ತೇನೆ, ಕರ್ನಾಟಕದಲ್ಲಿ ನಾವೂ ಇದೇ ಮಾತು ಹೇಳುತ್ತೇವಲ್ಲ. ಅಲ್ಲಿನ ಕನ್ನಡ ಮಕ್ಕಳು ತಮಿಳು ಕಲಿಯಲಿ. ನನ್ನ ತಕರಾರು ಎರಡೂ ಕಡೆ ಒಂದೇ ಹೆಸರನ್ನು ಬಳಸುವುದಕ್ಕೆ. 1938ರಲ್ಲಿ ಪೆರಿಯಾರ್ ವಿರೋಧಿಸಿದ್ದರಲ್ಲಿ 'ಹಿಂದಿ' ಮತ್ತು 'ಕಡ್ಡಾಯ' ಎಂಬ ಎರಡು ಪದಗಳಿದ್ದವು. ದ್ವಿಭಾಷಾ ನೀತಿ ಮೊದಲನೆಯದನ್ನು ಹಿಡಿದುಕೊಂಡಿತು. ಎರಡನೆಯ ಪದವನ್ನು ಈಗ ಹೊಸೂರಿನ ಕನ್ನಡ, ತೆಲುಗು, ಉರ್ದು ಶಾಲೆಗಳವರು ನ್ಯಾಯಾಲಯದಲ್ಲಿ ಎತ್ತುತ್ತಿದ್ದಾರೆ, ಪೆರಿಯಾರ್ ಹೆಸರು ಹೇಳದೆಯೇ.