ಟ್ಯಾಂಕ್ ಕ್ಲೀನರ್ ಅನ್ನೋ ಪದವಿಯ ಕಥೆ

ಅಕ್ವೇರಿಯಂ ಅಂಗಡಿಗೆ ಹೋಗಿ "ಗಾಜಿನ ಮೇಲೆಲ್ಲಾ ಪಾಚಿ ಕಟ್ತಾ ಇದೆ" ಅಂತ ಹೇಳಿ ನೋಡಿ. ಸಾಮಾನ್ಯವಾಗಿ ಅಂಗಡಿಯವರು ಎರಡನೇ ಮಾತಾಡುವುದಿಲ್ಲ. ಚುಕ್ಕೆ ಚುಕ್ಕೆಯ ಒಂದು ಕಪ್ಪು ಮೀನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗೆ ಕೊಡುತ್ತಾರೆ. ಹೆಸರು ಕೇಳಿದರೆ "ಸಕ್ಕರ್ ಫಿಶ್, ಟ್ಯಾಂಕ್ ಕ್ಲೀನರ್ ಸಾರ್" ಅನ್ನುತ್ತಾರೆ. ಬೆರಳುದ್ದದ ಮರಿ. ಅದು ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತರೆ ಮಕ್ಕಳಿಗೆ ಅದನ್ನು ನೋಡುವುದೇ ಒಂದು ಆಟ.

ನನಗೆ ಕುತೂಹಲ ಹುಟ್ಟಿದ್ದು ಆ "ಕ್ಲೀನರ್" ಅನ್ನೋ ಪದವಿಯ ಬಗ್ಗೆ. ಈ ಕೆಲಸವನ್ನು ಶುರು ಮಾಡಿಸಿದವರು ಯಾರು? ಹುಡುಕುತ್ತಾ ಹೋದರೆ ಕಥೆ ಸೀದಾ 1849ರ ಲಂಡನ್ನಿಗೆ ಹೋಗಿ ನಿಲ್ಲುತ್ತದೆ. ತಮಾಷೆ ಅಂದರೆ ಅಲ್ಲಿ ಈ ಕೆಲಸಕ್ಕೆ ಸೇರಿದ್ದು ಮೀನೇ ಅಲ್ಲ, ಬಸವನಹುಳು!

ರಾಬರ್ಟ್ ವಾರಿಂಗ್ಟನ್ ಅಂತ ಒಬ್ಬ ರಸಾಯನಶಾಸ್ತ್ರಜ್ಞ. ಹನ್ನೆರಡು ಗ್ಯಾಲನ್ ಹಿಡಿಸುವ ಗಾಜಿನ ಪಾತ್ರೆಯಲ್ಲಿ ಎರಡು ಪುಟ್ಟ ಗೋಲ್ಡ್ ಫಿಶ್, ಜೊತೆಗೆ ವ್ಯಾಲಿಸ್ನೇರಿಯಾ ಅನ್ನೋ ನೀರುಗಿಡ ಇಟ್ಟ. ಮೀನು ಬಿಟ್ಟ ಗಾಳಿ ಗಿಡಕ್ಕೆ, ಗಿಡ ಬಿಟ್ಟ ಗಾಳಿ ಮೀನಿಗೆ ಅನ್ನೋದು ಲೆಕ್ಕ. ಸ್ವಲ್ಪ ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಹಳೆಯ ಎಲೆಗಳು ಕೊಳೆತವು, ಗಾಜಿನ ಮೇಲೆ ಹಸಿರು ಲೋಳೆ ಕಟ್ಟಿತು, ನೀರು ಕದಡಿತು. ಆಗ ಆತ ಕೊಳದ ಬಸವನಹುಳುಗಳನ್ನು ಐದಾರು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಪಾಚಿಯನ್ನೂ ತಿಂದವು, ಅವುಗಳ ಮೊಟ್ಟೆ ಮೀನಿಗೆ ಊಟವಾಯಿತು. ನೀರು ತಿಳಿಯಾಯಿತು. 1850ರಲ್ಲಿ ಆತ ಇದನ್ನೆಲ್ಲಾ ಲಂಡನ್ನಿನ ಕೆಮಿಕಲ್ ಸೊಸೈಟಿಗೆ ವರದಿ ಮಾಡಿದ.

ಅದೃಷ್ಟಕ್ಕೆ ಕಾಲವೂ ಕೂಡಿ ಬಂದಿತ್ತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಬಂದ ಮೇಲಂತೂ ಅನುಕೂಲಸ್ಥರ ಮನೆಗಳಲ್ಲಿ ಗಾಜಿನ ತೊಟ್ಟಿ ಒಂದು ಹುಚ್ಚೇ ಆಯಿತು. ಗಿಡ, ಮೀನು, ಹುಳು ಮೂರನ್ನೂ ಸರಿಯಾಗಿ ಕೂಡಿಸಿದರೆ ಸಾಕು, ತೊಟ್ಟಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಅನ್ನೋ ನಂಬಿಕೆ ಬೇರೂರಿದ್ದು ಹೀಗೆ.

ಈ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದಿದ್ದು ನೂರು ವರ್ಷದ ಮೇಲೆ. 1949ರಲ್ಲಿ ನ್ಯೂಯಾರ್ಕ್ ಅಕ್ವೇರಿಯಂನ ಜೇಮ್ಸ್ ಆಟ್ಜ್ ಇದೊಂದು ಮಿಥ್ಯೆ ಅಂತ ನೇರವಾಗಿ ಬರೆದರು. ತೊಟ್ಟಿಯ ಮೀನಿಗೆ ಆಮ್ಲಜನಕ ಮುಖ್ಯವಾಗಿ ಸಿಗುವುದು ನೀರಿನ ಮೇಲ್ಮೈಯಿಂದ, ಗಿಡದಿಂದಲ್ಲ ಅನ್ನೋದು ಅವರ ವಾದ. ಪಾಚಿಯ ಲೆಕ್ಕವನ್ನೂ ಹೀಗೇ ಹಾಕಿ ನೋಡಬಹುದು. ಪಾಚಿ ಬೆಳೆಯುವುದು ಬೆಳಕಿನಿಂದ ಮತ್ತು ಮೀನಿನ ಹೊಲಸು, ಮಿಕ್ಕ ಊಟ ನೀರಿಗೆ ಬಿಡುವ ಗೊಬ್ಬರದಿಂದ. ಪಾಚಿ ತಿನ್ನುವ ಮೀನೂ ಹೊಲಸು ಮಾಡುತ್ತದೆ ತಾನೇ? ಅದು ಗಾಜಿನ ಮೇಲಿದ್ದುದನ್ನು ನೀರಿಗೆ ಹಾಕುತ್ತದೆ, ಅಷ್ಟೆ. ನೀರು ಬದಲಾಯಿಸೋ ಕೆಲಸ ನಮಗೆ ತಪ್ಪುವುದಿಲ್ಲ :-)

ಹಾಗಂತ ಈ ಮೀನುಗಳು ಬೇಡ ಅಂತಲ್ಲ. ಬೇರೆ ಮೀನುಗಳ ಜೊತೆ ಇಡುವ ಮುಂಚೆ ಅವುಗಳ ಹೆಸರಿನ ಹಿಂದಿನ ಚರಿತ್ರೆ ಗೊತ್ತಿದ್ದರೆ ಒಳ್ಳೆಯದು.

ಮೊದಲು "ಚೈನೀಸ್ ಆಲ್ಗೀ ಈಟರ್" ನೋಡಿ. ಇದು ಚೀನಾದ ಮೀನಲ್ಲ, ಥಾಯ್ಲೆಂಡ್, ಕಾಂಬೋಡಿಯಾ ಕಡೆಯ ಹೊಳೆಗಳದ್ದು. ವಿಜ್ಞಾನದ ಹೆಸರು ಜೈರಿನೊಕೈಲಸ್ ಅಯ್ಮೋನಿಯೇರಿ. 1880ರ ದಶಕದಲ್ಲಿ ಇದನ್ನು ವರ್ಣಿಸಿದ ಫ್ರೆಂಚ್ ಅಧಿಕಾರಿ ತಿರಾಂ, ಅಯ್ಮೋನಿಯೇ ಅನ್ನೋ ಇನ್ನೊಬ್ಬ ಫ್ರೆಂಚ್ ಅಧಿಕಾರಿಯ ಹೆಸರನ್ನು ಇದಕ್ಕಿಟ್ಟ. ಹರಿಯುವ ನೀರಿನಲ್ಲಿ ಬಾಯಿಂದ ಕಲ್ಲು ಕಚ್ಚಿಕೊಂಡಿರುವಾಗಲೂ ಉಸಿರಾಡಲು ಇದರ ಕಿವಿರಿನ ಮೇಲ್ಭಾಗದಲ್ಲಿ ಬೇರೊಂದು ರಂಧ್ರವೇ ಇದೆ. ಮರಿಯಾಗಿದ್ದಾಗ ಪಾಚಿ ತಿನ್ನುತ್ತದೆ. ಬೆಳೆದಂತೆ ಅದರ ಮೇಲಿನ ಆಸೆ ಕಮ್ಮಿಯಾಗಿ ಜಗಳಗಂಟಿಯಾಗುತ್ತದೆ. ಏಂಜೆಲ್, ಡಿಸ್ಕಸ್‌ನಂಥ ಚಪ್ಪಟೆ ಮೀನುಗಳ ಮೈಗೆ ಅಂಟಿಕೊಂಡು ಲೋಳೆ ಹೀರುವುದೂ ಉಂಟು. ನಾಲ್ಕು ಜಾತಿ ಮೀನು ಒಟ್ಟಿಗಿರುವ ತೊಟ್ಟಿಗೆ ಇದು ಖಂಡಿತ ಬೇಡ.

ಇನ್ನು ನಮ್ಮ "ಸಕ್ಕರ್". ಈ ಬಳಗದ ಮೀನೊಂದಕ್ಕೆ 1758ರಲ್ಲೇ ಲಿನ್ನೇಯಸ್ ಹೆಸರಿಟ್ಟಿದ್ದ. ಮೈಮೇಲಿನ ಗಟ್ಟಿ ಫಲಕಗಳನ್ನು ನೋಡಿಯೋ ಏನೋ, ಅದನ್ನು ಸ್ಟರ್ಜನ್ ಮೀನುಗಳ ಗುಂಪಿಗೆ ಸೇರಿಸಿಬಿಟ್ಟಿದ್ದ! ಪ್ಲೆಕೊಸ್ಟೋಮಸ್ ಅಂದರೆ ಮಡಿಕೆ ಬಾಯಿ ಅಂತ. ಈಗ ಅಂಗಡಿಗಳಲ್ಲಿ ಈ ಹೆಸರಲ್ಲಿ ಬರುವುದು ಹೆಚ್ಚಾಗಿ ಅದರ ಹತ್ತಿರದ ನೆಂಟ, ದಕ್ಷಿಣ ಅಮೆರಿಕದ ಟೆರಿಗೊಪ್ಲಿಕ್ತಿಸ್. ಬೆರಳುದ್ದ ತಂದದ್ದು ಒಂದೂವರೆ ಅಡಿಯವರೆಗೂ ಬೆಳೆಯಬಲ್ಲದು. ಎರಡು ಅಡಿಯ ತೊಟ್ಟಿಯಲ್ಲಿ ಅದು ತಿರುಗುವುದಾದರೂ ಹೇಗೆ?

ಆಗ ಜನ ಏನು ಮಾಡುತ್ತಾರೆ? ಕೊಲ್ಲಲು ಮನಸ್ಸು ಬರುವುದಿಲ್ಲ. ಪುಣ್ಯದ ಕೆಲಸ ಅಂದುಕೊಂಡು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ಅಸಲಿ ಅನಾಹುತ ಶುರುವಾಗುವುದು ಅಲ್ಲಿ. ಈ ಮೀನು ಗಾಳಿ ನುಂಗಿ ಹೊಟ್ಟೆಯ ಮೂಲಕವೂ ಉಸಿರಾಡಬಲ್ಲದು, ಹಾಗಾಗಿ ಬೇರೆ ಮೀನು ಸಾಯುವಂಥ ಕೊಳಕು ನೀರಿನಲ್ಲೂ ಬದುಕುತ್ತದೆ. ದಡದಲ್ಲಿ ಬಿಲ ತೋಡಿ ಮೊಟ್ಟೆ ಕಾಯುತ್ತದೆ, ದಡ ಕುಸಿಯುತ್ತದೆ. ಮೈಯ ಮುಳ್ಳು, ಫಲಕಗಳಿಗೆ ಬಲೆ ಹರಿಯುತ್ತದೆ. ಮೆಕ್ಸಿಕೋದ ಇನ್ಫಿಯೆರ್ನಿಯೊ ಜಲಾಶಯದಲ್ಲಿ ತಿಲಾಪಿಯ ಹಿಡಿದು ಬದುಕುತ್ತಿದ್ದವರ ಬಲೆಗಳಲ್ಲಿ ಇದೇ ತುಂಬಿಕೊಂಡಿತು. ನಮ್ಮ ದೇಶದಲ್ಲೂ ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ, ಕೋಲ್ಕತಾದ ಪೂರ್ವದ ಜೌಗು ಪ್ರದೇಶದಲ್ಲಿ ಇದು ನೆಲೆಯೂರಿದೆ. ಲಂಡನ್ನಿನ ಬಸವನಹುಳುವಿನಿಂದ ಶುರುವಾದ ಕಥೆಯ ಬೆಲೆಯನ್ನು ಈಗ ಅಕ್ವೇರಿಯಂ ನೋಡಿಯೇ ಇರದ ಬೆಸ್ತರು ತೆರುತ್ತಿದ್ದಾರೆ.

ಹಾಗಾದರೆ ಯಾವುದನ್ನು ತರಬೇಕು? ನಿಯಾನ್ ಟೆಟ್ರಾ, ರಾಸ್ಬೋರಾದಂಥ ಸಾಧು ಮೀನುಗಳಿರುವ ಎರಡಡಿಯ ತೊಟ್ಟಿಗೆ ನಾನು ಹೇಳುವುದು ಓಟೊಸಿಂಕ್ಲಸ್. ಬೆಳೆದರೂ ನಾಲ್ಕೈದು ಸೆಂಟಿಮೀಟರ್, ಯಾರ ತಂಟೆಗೂ ಹೋಗುವುದಿಲ್ಲ. ಒಂಟಿಯಾಗಿ ತರಬೇಡಿ, ಐದಾರಾದರೂ ಇರಲಿ. ಹೊಸ ತೊಟ್ಟಿಗೂ ಬೇಡ. ಇವು ಹೆಚ್ಚಾಗಿ ದಕ್ಷಿಣ ಅಮೆರಿಕದ ತೊರೆಗಳಲ್ಲಿ ಹಿಡಿದು ತಂದ ಮೀನುಗಳು. ದಾರಿಯುದ್ದಕ್ಕೂ ಉಪವಾಸ ಬಂದಿರುತ್ತವೆ, ತಿನ್ನಲು ಪಾಚಿ ಇಲ್ಲದಿದ್ದರೆ ಸಾಯುತ್ತವೆ. ಪಾಚಿ ಮುಗಿದರೆ ಬೇಯಿಸಿದ ಸೌತೆಕಾಯಿ ಚೂರು ಹಾಕಿ.

ಗಿಡದ ಎಲೆಗೆ ಗಡ್ಡದಂತೆ ಕಪ್ಪು ಪಾಚಿ ಹಿಡಿದಿದ್ದರೆ ಓಟೊಸಿಂಕ್ಲಸ್ ಮೂಸಿಯೂ ನೋಡುವುದಿಲ್ಲ. ಅದಕ್ಕೆ ಸಯಾಮೀಸ್ ಆಲ್ಗೀ ಈಟರ್ ಬೇಕು. ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ, ಮೂರು ನಾಲ್ಕು ಅಡಿಯ ತೊಟ್ಟಿ ಇರಬೇಕು, ಹಾರುವ ಬುದ್ಧಿ ಇರುವುದರಿಂದ ಮುಚ್ಚಳವೂ ಬೇಕು. ಇದೇ ಹೆಸರಲ್ಲಿ ಫ್ಲೈಯಿಂಗ್ ಫಾಕ್ಸ್ ಮಾರುವವರಿದ್ದಾರೆ, ಹುಷಾರು. ಸಯಾಮೀಸಿನ ಕಪ್ಪು ಗೆರೆ ಬಾಲದ ತುದಿಯವರೆಗೂ ಹೋಗುತ್ತದೆ, ರೆಕ್ಕೆಗಳಲ್ಲಿ ಬಣ್ಣವಿರುವುದಿಲ್ಲ. ಫ್ಲೈಯಿಂಗ್ ಫಾಕ್ಸಿನ ರೆಕ್ಕೆಗಳಲ್ಲಿ ಕಪ್ಪು ಬಿಳಿ ಬಣ್ಣ ಎದ್ದು ಕಾಣುತ್ತದೆ, ಸ್ವಭಾವವೂ ಒರಟು. ಗೋಲ್ಡ್ ಫಿಶ್ ತೊಟ್ಟಿಗಾದರೆ ಇವ್ಯಾವುವೂ ಬೇಡ, ಪಾತ್ರೆ ಉಜ್ಜುವ ಹೊಸ ಸ್ಪಂಜೊಂದು ಸಾಕು.

ಕೊನೆಗೊಂದು ನಮ್ಮ ಮಣ್ಣಿನ ಮಾತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ನಮ್ಮ ಇತಿಹಾಸ ಓದಿದವರಿಗೆಲ್ಲ ಗೊತ್ತು. ಅದೇ ಬುಕಾನನ್ 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ಬರೆದು, ಕಲ್ಲಿಗೆ ಅಂಟಿ ಪಾಚಿ ಕೆರೆಯುವ ಮೀನುಗಳ ಒಂದು ಗುಂಪಿಗೆ ಗರ್ರಾ ಅಂತ ಹೆಸರಿಟ್ಟ. 1839ರಲ್ಲಿ ಕರ್ನಲ್ ಸೈಕ್ಸ್ ದಖ್ಖನ್ನಿನ ಗರ್ರಾ ಮುಲ್ಯಾವನ್ನು ವರ್ಣಿಸಿದ. ಅದು ಕೃಷ್ಣಾ, ಕಾವೇರಿ, ಪಶ್ಚಿಮಘಟ್ಟದ ತೊರೆಗಳಲ್ಲಿ ಈಗಲೂ ಇದೆ. ಫಿಶ್ ಸ್ಪಾಗಳಲ್ಲಿ ಕಾಲಿಗೆ ಮುತ್ತುವ ಟರ್ಕಿ ಕಡೆಯ ಮೀನೂ ಇದೇ ಗುಂಪಿನದು. ಹರಿಯುವ ತಣ್ಣನೆ ನೀರಿನ ಜೀವ ಅದು, ಹಿಡಿದು ತಂದು ತೊಟ್ಟಿಗೆ ಹಾಕಿ ಅಂತ ಖಂಡಿತ ಹೇಳುತ್ತಿಲ್ಲ. ಅದರ ಕಲ್ಲಿನ ಮೇಲೆ ಸಕ್ಕರ್ ಬಂದು ಕೂರದಂತೆ ನೋಡಿಕೊಂಡರೆ ಸಾಕು. ದೊಡ್ಡದಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ದೊಡ್ಡ ತೊಟ್ಟಿ ಇರುವವರಿಗೆ ಕೊಡಿ, ಕೆರೆಗೆ ಮಾತ್ರ ಬೇಡ.

ಹೊಳೆಯ ಕಲ್ಲಿಗೆ ಅಂಟಿಕೊಂಡಿರುವ ಈ ಮೀನಿಗೆ ನಿಮ್ಮೂರ ಕಡೆ ಏನಂತ ಕರೀತಾರೆ? ಒಂದೊಂದು ಹೊಳೆಗೂ ಒಂದೊಂದು ಹೆಸರಿದ್ದೀತು. ಗೊತ್ತಿದ್ದವರು ಬರೆಯಿರಿ.